ಕ್ಯಾಟಲಾಗ್ ನೋಡಿ ತರಿಸಿದ ಪಾರ್ಟ್ ಹಾಕಿದರೆ ಗಾಡಿ ನಿಜಕ್ಕೂ ಓಡುತ್ತಿತ್ತಾ?

ಅಮೆರಿಕದ ಹಳೆಯ ಹಾಟ್ ರಾಡ್‌ಗಳ (ವೇಗಕ್ಕಾಗಿ ಮಾರ್ಪಡಿಸಿದ ಕಾರುಗಳ) ಮಾತು ಬಂದಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ. 1940–50ರ ದಶಕಗಳಲ್ಲಿ ಅಲ್ಲಿನ ಹುಡುಗರು ಅಂಚೆಯಲ್ಲಿ ಹೆಡ್ಡು (ಸಿಲಿಂಡರಿನ ಮೇಲಿನ ಮುಚ್ಚಳ), ಕ್ಯಾಮ್‌ಶಾಫ್ಟು (ವಾಲ್ವು ತೆರೆಯುವ ದಂಡ), ಮ್ಯಾನಿಫೋಲ್ಡು (ಗಾಳಿ-ಪೆಟ್ರೋಲನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ತರಿಸಿ ಮನೆಯ ಹಿಂದಿನ ಶೆಡ್ಡಿನಲ್ಲಿ ತಾವೇ ಕೂರಿಸುತ್ತಿದ್ದರಲ್ಲ, ಅದರಿಂದ ಗಾಡಿಯ ವೇಗ ಹೆಚ್ಚುತ್ತಿತ್ತಾ, ಇಲ್ಲ ಎಲ್ಲ ಜಾಹೀರಾತಿನ ಬಣ್ಣದ ಮಾತಾ?

ಹೆಚ್ಚುತ್ತಿತ್ತು. ಆದರೆ ಪೆಟ್ಟಿಗೆ ಬಿಚ್ಚಿ ಬೋಲ್ಟ್ ಬಿಗಿದ ಮಾತ್ರಕ್ಕಲ್ಲ. ಬಂದ ಭಾಗವನ್ನು ತನ್ನ ಎಂಜಿನ್ನಿಗೆ ಅಳೆದು ಹೊಂದಿಸಿದವನಿಗೆ ವೇಗ ಸಿಕ್ಕಿತು. ಅಳೆಯದವನಿಗೆ ಬಿಸಿ ನೀರು, ಬಾಗಿದ ವಾಲ್ವು ಸಿಕ್ಕಿದವು.

ಆ ಕಾಲದ ಎಂಜಿನ್ ಎಂದರೆ ಬಹುಪಾಲು ಫೋರ್ಡ್ ಫ್ಲಾಟ್‌ಹೆಡ್ ವಿ8 (ಎರಡು ಬದಿಗೆ ನಾಲ್ಕು ನಾಲ್ಕು ಸಿಲಿಂಡರು). 1932ರಲ್ಲಿ ಬಂದಾಗ 221 ಘನ ಇಂಚು, 65 ಅಶ್ವಶಕ್ತಿ. ಯುದ್ಧ ಮುಗಿದ ಮೇಲಿನ ಮಾದರಿ 239 ಘನ ಇಂಚು, 100 ಅಶ್ವಶಕ್ತಿ. ಇದರಲ್ಲಿ ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನೊಳಗೇ (ಎಂಜಿನ್ನಿನ ಎರಕದ ಒಡಲೊಳಗೆ) ಸಿಲಿಂಡರಿನ ಪಕ್ಕದಲ್ಲಿವೆ. ಹಾಗಾಗಿ ಹೆಡ್ ಎಂದರೆ ನೀರು ಹರಿಯುವ ಒಂದು ಮುಚ್ಚಳ ಅಷ್ಟೇ, ಚಲಿಸುವ ಒಂದು ಭಾಗವೂ ಅದರಲ್ಲಿಲ್ಲ. ಸಣ್ಣ ಕಾರ್ಖಾನೆಯವನೂ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು, ಮಿಲ್ಲಿಂಗ್ ಮಾಡಿ, ಪೆಟ್ಟಿಗೆಗೆ ಹಾಕಿ ಕಳಿಸಬಹುದಿತ್ತು. ಅಂಚೆ ವ್ಯಾಪಾರಕ್ಕೆ ಇಷ್ಟು ಒಗ್ಗುವ ಎಂಜಿನ್ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾರಿದವರಲ್ಲಿ ಅನೇಕರು ಓಡಿಸಿದವರೇ. ದಕ್ಷಿಣ ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್ ಎಂಬ ಒಣಕೆರೆಗಳ ಬಯಲಿನಲ್ಲಿ ಗಾಡಿ ಪರೀಕ್ಷಿಸಿ, ಗೆದ್ದ ಭಾಗವನ್ನೇ ಮಾರಾಟಕ್ಕೆ ಇಟ್ಟರು. ವಿಕ್ ಎಡೆಲ್‌ಬ್ರಾಕ್ 1938ರಲ್ಲಿ ಎರಡು ಕಾರ್ಬುರೇಟರಿನ ಸ್ಲಿಂಗ್‌ಶಾಟ್ ಮ್ಯಾನಿಫೋಲ್ಡ್ ಮಾಡಿ, 1946ರಲ್ಲಿ ಮೊದಲ ಕ್ಯಾಟಲಾಗ್ ತಂದರು. ಎಡ್ ಇಸ್ಕೆಂಡೇರಿಯನ್ ಕ್ಯಾಮ್ ಅರೆದರು. ಷಿಕಾಗೋದ ಜೆ. ಸಿ. ವಿಟ್ನಿ ಕಂಪನಿಯ ಕ್ಯಾಟಲಾಗಿನದು ಬೇರೆ ಬಗೆ: ಪಿಸ್ಟನ್ ರಿಂಗಿನಿಂದ ಶಿಳ್ಳೆ ಹೊಡೆಯುವ ಹಾರ್ನಿನವರೆಗೆ ಎಲ್ಲವನ್ನೂ ಸಣ್ಣಕ್ಷರದಲ್ಲಿ ತುಂಬಿದ ಪುಸ್ತಕ ಅದು. 1913ರ ಜನವರಿ 1ರಂದು ಶುರುವಾದ ಪಾರ್ಸೆಲ್ ಅಂಚೆಯಿಂದಾಗಿ ಹಳ್ಳಿಯ ಹೊಲದ ಮನೆಗೂ ಇವೆಲ್ಲ ತಲುಪುತ್ತಿದ್ದವು. ಆರ್ಡರ್ ಫಾರಂ ತುಂಬಿ, ಭಾಗದ ತೂಕ ಮತ್ತು ದೂರದ ವಲಯ ನೋಡಿ ಅಂಚೆ ವೆಚ್ಚ ಲೆಕ್ಕ ಹಾಕಿ ಮನಿ ಆರ್ಡರ್ ಕಳಿಸಬೇಕು. ಇಲ್ಲವೇ ನಮ್ಮ ವಿಪಿಪಿಯಂತೆ ಪೆಟ್ಟಿಗೆ ಬಂದಾಗ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು.

ತಪ್ಪು ಆ ಫಾರಂನಲ್ಲೇ ಶುರುವಾಗುತ್ತಿತ್ತು. ಮೊದಲ ವರ್ಷಗಳ ಬ್ಲಾಕಿನಲ್ಲಿ ಒಂದು ಬದಿಗೆ ಹೆಡ್ ಬಿಗಿಯುವ 21 ಸ್ಟಡ್ (ತಿರುಪಿನ ಕಡ್ಡಿ), 1938ರ ಸುಮಾರಿನಿಂದ 24. ಎಣಿಸದೆ ಬರೀ ‘ಫೋರ್ಡ್ ವಿ8’ ಎಂದು ಬರೆದರೆ ಬಂದ ಹೆಡ್ ಕೂರುವುದೇ ಇಲ್ಲ. 24 ಇದ್ದರೂ ಮುಗಿಯಲಿಲ್ಲ: 1949ರ ನಂತರದ ಎಂಜಿನ್ನಿನಲ್ಲಿ ನೀರಿನ ತೂತುಗಳ ಜಾಗ ಬದಲಾಗಿದೆ. ಗ್ಯಾಸ್ಕೆಟ್ಟನ್ನು (ಎರಡರ ನಡುವೆ ಸೋರಿಕೆ ತಡೆಯುವ ತೆಳು ಹಾಳೆ) ಮೊದಲು ಬ್ಲಾಕಿನ ಮೇಲೆ, ಆಮೇಲೆ ಹೆಡ್ಡಿನ ಮೇಲೆ ಇಟ್ಟು ಒಂದೊಂದು ತೂತನ್ನೂ ನೋಡದೆ ಮುಂದುವರಿಯಬಾರದು.

ಹೆಚ್ಚು ಕಂಪ್ರೆಷನ್ನಿನ (ಗಾಳಿ-ಪೆಟ್ರೋಲನ್ನು ಹೆಚ್ಚು ಒತ್ತುವ) ಹೆಡ್ ಕೊಂಡವನಿಗೆ ಇನ್ನೊಂದು ಇಕ್ಕಟ್ಟು. ಫ್ಲಾಟ್‌ಹೆಡ್ಡಿನಲ್ಲಿ ಗಾಳಿ-ಪೆಟ್ರೋಲು ವಾಲ್ವಿನಿಂದ ಮೇಲೆದ್ದು, ಪಕ್ಕಕ್ಕೆ ಹೊರಳಿ ಸಿಲಿಂಡರಿಗೆ ಇಳಿಯಬೇಕು. ಹೆಡ್ಡಿನ ಗುಳಿ ಕಿರಿದಾದಷ್ಟೂ ಕಂಪ್ರೆಷನ್ ಏರುತ್ತದೆ, ಆದರೆ ಆ ಹೊರಳುದಾರಿಯೂ ಕಿರಿದಾಗಿ ಎಂಜಿನ್ ಉಸಿರುಗಟ್ಟುತ್ತದೆ. ದಾರಿ ಬಿಡಿಸಲು ವಾಲ್ವು ಮತ್ತು ಬೋರಿನ (ಸಿಲಿಂಡರಿನ ತೂತಿನ) ನಡುವಿನ ಬ್ಲಾಕನ್ನು ಅರೆಯುವುದಕ್ಕೆ ರಿಲೀವಿಂಗ್ ಎನ್ನುತ್ತಿದ್ದರು. ಅರೆದಷ್ಟೂ ಕಂಪ್ರೆಷನ್ ಮತ್ತೆ ಇಳಿಯುತ್ತದೆ. ರಸ್ತೆಯ ಗಾಡಿಗೆ 8ಕ್ಕೆ 1ರ ಆಸುಪಾಸಿನ ಹೆಡ್ ಸಾಕು, ಬ್ಲಾಕ್ ಅರೆಯುವ ಗೋಜು ಬೇಡ ಎನ್ನುವುದು ನನ್ನ ಸಲಹೆ.

ಪಿಸ್ಟನ್, ವಾಲ್ವು ಹೆಡ್ಡಿಗೆ ತಾಗುತ್ತವೆಯೇ ಎಂದು ನೋಡಲು, ಹೆಡ್ ಬಿಗಿಯುವ ಮೊದಲು ಕ್ಲೇ ಪರೀಕ್ಷೆ ಆಗಲೇಬೇಕು. ಪಿಸ್ಟನ್ ಮತ್ತು ವಾಲ್ವುಗಳ ಮೇಲೆ ಮಕ್ಕಳ ಆಟದ ಕ್ಲೇ ಮೆತ್ತಿ, ಗ್ಯಾಸ್ಕೆಟ್ ಸಮೇತ ಹೆಡ್ ಕೂರಿಸಿ, ಕ್ರ್ಯಾಂಕನ್ನು (ಪಿಸ್ಟನ್ನುಗಳನ್ನು ಆಡಿಸುವ ದಂಡ) ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಿಚ್ಚಬೇಕು. ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ ತೀರ ತೆಳುವಾದ ಕಡೆ ಅಳೆಯಿರಿ. 50 ಥೌಗಿಂತ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಕಡಿಮೆ ಇದ್ದರೆ ಹೆಡ್ ವಾಪಸ್ ಮಿಲ್ಲಿಂಗಿಗೆ ಹೋಗಲಿ. ಸ್ಟಡ್‌ಗಳ ತೂತು ನೀರಿನ ಜಾಗಕ್ಕೇ ತೆರೆದುಕೊಳ್ಳುವುದರಿಂದ ಸ್ಟಡ್ಡಿನ ಥ್ರೆಡ್ಡಿಗೆ ಸೀಲಂಟ್ (ಸೋರಿಕೆ ತಡೆಯುವ ಅಂಟು) ಹಚ್ಚದಿದ್ದರೆ ನೀರು ಸ್ಟಡ್ ಹಿಡಿದು ಮೇಲೆ ಜಿನುಗುತ್ತದೆ. ಮಧ್ಯದಿಂದ ಅಂಚಿಗೆ, ಮೂರು ಹಂತದಲ್ಲಿ ಬಿಗಿಯಿರಿ. ಒಮ್ಮೆ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ. ಅಲ್ಯೂಮಿನಿಯಂ ಉಕ್ಕಿನ ಸ್ಟಡ್ಡಿಗಿಂತ ಹೆಚ್ಚು ಹಿಗ್ಗುತ್ತದೆ, ಬಿಸಿಯಿದ್ದಾಗ ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಸುಳ್ಳು ಹೇಳುತ್ತದೆ.

ಕ್ಯಾಮ್ ವಿಚಾರದಲ್ಲಿ ಮೋಸ ಹೋದವರು ಇನ್ನೂ ಹೆಚ್ಚು. ಮೂಲ ಫೋರ್ಡ್ ಟ್ಯಾಪೆಟ್ಟಿನಲ್ಲಿ (ಕ್ಯಾಮ್ ಮತ್ತು ವಾಲ್ವಿನ ನಡುವೆ ಕೂತು ವಾಲ್ವನ್ನು ಎತ್ತುವ ಭಾಗ) ಅಡ್ಜಸ್ಟ್ ಮಾಡುವ ಸ್ಕ್ರೂ ಇರಲಿಲ್ಲ. ವಾಲ್ವಿನ ಬುಡವನ್ನು ಅರೆದೇ ಸಂದು ಕೂರಿಸಬೇಕಿತ್ತು, ಇನ್‌ಟೇಕಿಗೆ 10–12 ಥೌ, ಎಕ್ಸಾಸ್ಟಿಗೆ 14–16. ಒಂದೆರಡು ಥೌ ಹೆಚ್ಚು ಅರೆದರೆ ಆ ವಾಲ್ವು ಹೋಯಿತು. ಹಳೆಯ ಕ್ಯಾಮನ್ನೇ ಮರು ಅರೆದು ಕಳಿಸಿದ್ದರೆ ಅದರ ಬುಡವೃತ್ತ (ಕ್ಯಾಮಿನ ಉಬ್ಬಿಲ್ಲದ ದುಂಡು ಭಾಗ) ಚಿಕ್ಕದಾಗಿರುತ್ತದೆ, ಹಳೆಯ ಟ್ಯಾಪೆಟ್ ವಾಲ್ವಿಗೆ ಎಟುಕುವುದೇ ಇಲ್ಲ. ಕ್ಯಾಮ್ ತರಿಸುವಾಗಲೇ ಅಡ್ಜಸ್ಟೇಬಲ್ ಟ್ಯಾಪೆಟ್ 16, ಅದಕ್ಕೊಪ್ಪುವ ಸ್ಪ್ರಿಂಗ್ 16 ತರಿಸಬೇಕು.

ಫೋರ್ಡ್ ಕಂಪನಿಯದೇ ಮರ್ಕ್ಯುರಿ ಕಾರಿನ 4 ಇಂಚು ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಕ್ರ್ಯಾಂಕ್ ಅಂತೂ ಎಲ್ಲರ ಕನಸು. 3-3/8 ಇಂಚು ಅಗಲದ ಬೋರಿನ ಜೊತೆ ಅದು 286 ಘನ ಇಂಚು ಕೊಡುತ್ತದೆ. ಫೋರ್ಡಿಗಿಂತ ಸ್ಟ್ರೋಕ್ ಕಾಲು ಇಂಚು ಹೆಚ್ಚಿದ್ದರಿಂದ ಪಿಸ್ಟನ್ನಿನ ಪಿನ್ 1/8 ಇಂಚು ಮೇಲಿರಬೇಕು. ಹಳೆಯ ಪಿಸ್ಟನ್ ಹಾಕಿದರೆ ಅದು ಅಷ್ಟೇ ಮೇಲೆ ಬಂದು ಹೆಡ್ಡಿಗೆ ಬಡಿಯುತ್ತದೆ.

ಕಾರ್ಬುರೇಟರಿಗೆ ಸ್ಟ್ರೋಂಬರ್ಗ್ 97. ಮೂರು ಸಾಲಾಗಿ ನಿಂತರೆ ಚೆಂದ, ಒಪ್ಪುತ್ತೇನೆ. ಆದರೆ ಕ್ಯಾಮ್, ಎಕ್ಸಾಸ್ಟ್ ಬದಲಿಸದ ಎಂಜಿನ್ನಿಗೆ ಎರಡೇ ಧಾರಾಳ. ಇಂಧನದ ಒತ್ತಡ 2.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮೀರಬಾರದು. ಈಗಿನ ಎಲೆಕ್ಟ್ರಿಕ್ ಪಂಪು ಕೊಡುವ 5–6 ಪಿಎಸ್‌ಐಗೆ ಪೆಟ್ರೋಲಿನ ದಾರಿ ಮುಚ್ಚುವ ನೀಡಲ್ ಎದ್ದು ಪೆಟ್ರೋಲು ಉಕ್ಕುತ್ತದೆ. ಜನ ಬೈಯುವುದು ಮಾತ್ರ ಕಾರ್ಬುರೇಟರನ್ನು.

ಇನ್ನು ಬಿಸಿ. ಹೊಗೆಯ ದಾರಿ ಬ್ಲಾಕಿನೊಳಗೆ ನೀರಿನ ನಡುವೆಯೇ ಹಾದು ಹೊರಬರುತ್ತದೆ. ಪ್ರತಿ ಬದಿಯ ಮಧ್ಯದ ಎರಡು ಸಿಲಿಂಡರುಗಳಿಗಂತೂ ಒಂದೇ ದಾರಿ. ಅದಕ್ಕೇ ವಾಲ್ವ್ ಸೀಟಿನಿಂದ ಬೋರಿನ ಕಡೆಗೆ ಬಿರುಕು ಬಿಡುವುದು. ಎರಕದ ಮರಳು ನೀರಿನ ಜಾಗದಲ್ಲಿ ಉಳಿದಿರುವುದೂ ಉಂಟು. ಹೊಸ ರೇಡಿಯೇಟರ್ ಕೊಳ್ಳುವ ಮೊದಲು ಅದನ್ನು ಕೆದಕಿ ತೆಗೆಯಿರಿ. ಒಂದು ಪಾರ್ಟಿಗೂ ದುಡ್ಡು ಹಾಕುವ ಮೊದಲು ಬ್ಲಾಕನ್ನು ಮ್ಯಾಗ್ನಾಫ್ಲಕ್ಸ್ (ಕಾಂತದಿಂದ ಬಿರುಕು ಪತ್ತೆ ಹಚ್ಚುವ ಪರೀಕ್ಷೆ) ಮಾಡಿಸಿ. ಬಿರುಕಿದ್ದರೆ ಮೇಲೆ ಹೇಳಿದ ಯಾವುದೂ ಪ್ರಯೋಜನಕ್ಕಿಲ್ಲ.

ಕೊಳ್ಳುವ ಕ್ರಮ ಕೇಳಿದರೆ: ಮೊದಲು ಬ್ರೇಕು. 1938ರವರೆಗಿನ ಫೋರ್ಡಿಗೆ ಮೆಕ್ಯಾನಿಕಲ್ ಬ್ರೇಕು, 1939–48ರ ಹೈಡ್ರಾಲಿಕ್ ಬ್ರೇಕನ್ನು ಹಳೆಯ ಆಕ್ಸಲಿಗೆ ಕೂರಿಸಬಹುದು. ಆಮೇಲೆ ಇಗ್ನಿಷನ್, ಎಕ್ಸಾಸ್ಟ್, ಎರಡು ಕಾರ್ಬುರೇಟರು, ಹೆಡ್ಡು. ಕ್ಯಾಮ್ ಕೊನೆಗೆ, ಎಂಜಿನ್ ಹೇಗೂ ಬಿಚ್ಚಿದಾಗ. ಕ್ಯಾಟಲಾಗಿನ ಪುಟಗಳು ಈ ಕ್ರಮದಲ್ಲಿ ಇರುತ್ತಿರಲಿಲ್ಲ, ಹೊಳೆಯುವುದೇ ಮುಂದೆ ಇರುತ್ತಿತ್ತು.

1955ರ ಷೆವ್ರೊಲೆ 265 ಘನ ಇಂಚಿನ ವಿ8 ಕಾರ್ಖಾನೆಯಿಂದಲೇ 162 ಅಶ್ವಶಕ್ತಿ ತಂದಿತು, ಫ್ಲಾಟ್‌ಹೆಡ್ಡಿನ ಕಾಲ ಮುಗಿಯಿತು. ಸ್ಟ್ರೋಂಬರ್ಗ್ 97 ಈಗಲೂ ಹೊಸದಾಗಿ ತಯಾರಾಗುತ್ತದೆ. ನೆಬ್ರಾಸ್ಕಾದ ಸ್ಪೀಡ್‌ವೇ ಮೋಟರ್ಸ್ 1952ರಿಂದ ಇಂಥ ಭಾಗಗಳನ್ನು ಮಾರುತ್ತಿದೆ. ಹಳೆಯ ಹೆಡ್ಡೇ ಬೇಕೆಂದು ಹಟ ಹಿಡಿದವರು ಕೊಳ್ಳುವ ಮೊದಲು ತಿರುಗಿಸಿ ನೋಡಿ: ನೀರಿನ ತೂತಿನ ಅಂಚು ಬಿಳಿ ಪುಡಿಯಾಗಿ ಸವೆದು ಗ್ಯಾಸ್ಕೆಟ್ಟಿನ ಉಂಗುರದವರೆಗೆ ಬಂದಿದ್ದರೆ, ವೆಲ್ಡ್ ಮಾಡಿ ಮಟ್ಟಸ ಮಾಡಿಸುವ ಖರ್ಚು ಹೊಸ ಹೆಡ್ಡಿನ ಬೆಲೆಯನ್ನು ಮುಟ್ಟಬಹುದು.