ಅವ್ವನ ಜೊತೆ ಬೆಟಗೇರಿಗೆ

ಜನವರಿಯ ಒಂದು ಶನಿವಾರ ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ರೈಲು ಹತ್ತಿದೆ. ಗದಗ ಸುಮಾರು 60 ಕಿಲೋಮೀಟರ್. ತಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಂದಿನಿಂದ ಅವ್ವ ಚರ್ಚಿಗೆ ಬರುತ್ತಿದ್ದಳು, ಆದರೆ ಬಾಯಿಬಿಟ್ಟು ಪ್ರಾರ್ಥನೆ ಮಾಡಿರಲಿಲ್ಲ.

ಅಣ್ಣಿಗೇರಿ ದಾಟಿದ ಮೇಲೆ ಎರಿ ಹೊಲದ ತುಂಬಾ ಕಡಲೆ, ಕುಸುಬಿ. ಅವ್ವ ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಕೂತಿದ್ದಳು.

ಗದಗಕ್ಕೆ ಹೊಂದಿಕೊಂಡಿರುವ ಬೆಟಗೇರಿಯಲ್ಲಿ ನಮ್ಮ ದೊಡ್ಡವ್ವ ಇದ್ದಾರೆ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಬಾಸೆಲ್ ಮಿಷನ್ ಎಂಬ ಜರ್ಮನ್-ಸ್ವಿಸ್ ಕ್ರೈಸ್ತ ಸಂಸ್ಥೆಯವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಈ ನೇಕಾರರ ಊರಿಗೆ ಬಂದರು. ಆಸ್ಪತ್ರೆ ಬಂದದ್ದು ಆಮೇಲೆ. ಜರ್ಮನ್ ಆಸ್ಪತ್ರೆ ಅಂದರೆ ಇಲ್ಲಿ ದಾರಿ ತೋರಿಸುತ್ತಾರೆ.

ತಮ್ಮನ ಮಣ್ಣಿನ ದಿನ ಎಲ್ಲರೂ ಸಮಾಧಾನ ಹೇಳಿದ್ದರು. ದೇವರ ಚಿತ್ತ, ಒಳ್ಳೆಯವರನ್ನ ಲಗೂನ ಕರಕೋತಾನ. ಒಂದೊಂದು ಮಾತಿಗೂ ಅವ್ವ ಇನ್ನಷ್ಟು ಮುದುಡಿದಳು. ದೊಡ್ಡವ್ವ ಮಾತ್ರ ಏನೂ ಹೇಳದೆ ಅವಳ ಕಾಲು ಒತ್ತುತ್ತಾ ಕೂತಿದ್ದರು. ಅವತ್ತು ಯಾಕೆ ಸುಮ್ನೆ ಇದ್ರಿ ಅಂತ ಈಗ ಕೇಳಿದೆ.

"ಸತ್ತ ಲಾಜರನ್ನ ಎಬ್ಬಸ್ತೇನಿ ಅಂತ ಯೇಸುಸ್ವಾಮಿಗೆ ಗೊತ್ತಿತ್ತು. ಆದ್ರೂ ಮೊದಲ ಅವನ ಅಕ್ಕ-ತಂಗ್ಯಾರ ಜೋಡಿ ಅತ್ತಾ. ನನಗ ಅಷ್ಟ ಸಾಕಾತು ನೋಡವಾ."

ಆ ಕಥೆ ಬರುವ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನಾನೂ ಎಷ್ಟೋ ಸಲ ಓದಿದ್ದೇನೆ. ಪವಾಡ ಮುಟ್ಟುವ ಆತುರದಲ್ಲಿ ಆ ಅಳು ನನಗೆ ಕಂಡೇ ಇರಲಿಲ್ಲ.

ಮಧ್ಯಾಹ್ನ ದೊಡ್ಡವ್ವ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾರ್ಡಿನ ಹೊರಗೆ ಒಬ್ಬ ಹೆಣ್ಣುಮಗಳು ಗೋಡೆಗೆ ಒರಗಿ ಕೂತಿದ್ದಳು. ಒಳಗೆ ಅವಳ ಮಗ. ಅವ್ವ ಯಾರನ್ನೂ ಕೇಳದೆ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

"ಉಣ್ಣವಾ. ನೀ ಗಟ್ಟಿ ಇದ್ರ ಮಗನ್ನ ನೋಡ್ಕೊಳ್ಳಾಕ ಆಗತೈತಿ."

ಅವಳು ಎರಡು ತುತ್ತು ತಿಂದು ಕೇಳಿದಳು, "ನಿಮಗ ಎಷ್ಟು ಮಕ್ಕಳ್ರೀ ಯವ್ವಾ?"

"ಇಬ್ಬರು. ಒಬ್ಬಾಂವ ಕರ್ತನ ಹತ್ರ ಅದಾನ."

ಹನ್ನೊಂದು ತಿಂಗಳಲ್ಲಿ ಅವ್ವ ಅದನ್ನು ಹೇಳಿದ್ದು ಅದೇ ಮೊದಲು. ಇಬ್ಬರೂ ಅತ್ತರು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಹುಡುಗನ ಹೆಸರು ಕೇಳಿದಳು. ಆ ತಾಯಿಯ ಕೈ ಹಿಡಿದು, ಆ ಹೆಸರು ಹಿಡಿದು, ಗಟ್ಟಿಯಾಗಿಯೇ ಪ್ರಾರ್ಥನೆ ಮಾಡಿದಳು. ನಾನು ಕಣ್ಣು ಮುಚ್ಚಲಿಲ್ಲ. ಅವ್ವನ ಮುಖವನ್ನೇ ನೋಡುತ್ತಿದ್ದೆ.

ಸಂಜೆ ರೈಲಿನಲ್ಲಿ ಅವ್ವ ಕಿಟಕಿ ಪಕ್ಕ ಕೂತಳು. ಹುಲಕೋಟಿ ದಾಟುವಾಗ ನನ್ನ ಕಡೆ ತಿರುಗಿದಳು.

"ಬರೂ ಶನಿವಾರ ಮತ್ತ ಹೋಗೂಣು. ಆ ಹುಡುಗಗ ಖಾರ ನಡೀತೈತೋ ಇಲ್ಲೋ, ಕೇಳೋದ ಮರತೆ."