ಎರಡು ಟ್ಯಾಬ್ ಇರಬೇಕಾದ ಕಡೆ ನಾಲ್ಕು ಸ್ಪೇಸ್

ಪ್ರೊಜೆಕ್ಟರ್ ಪರದೆಯ ಮೇಲೆ ಕಂಪ್ಯೂಟರ್ ಆಟದ ಹಡಗು ತೆವಳುತ್ತಿತ್ತು. ಎಂಜಿನ್ನಿನ ಬೆಂಕಿ ಸರಿಯಾಗಿಯೇ ಉರಿಯುತ್ತಿತ್ತು, ಎಡಬಲಕ್ಕೆ ತಿರುಗಿಸಿದರೆ ಗರ್ರನೆ ತಿರುಗುತ್ತಿತ್ತು, ಮುಂದೆ ಮಾತ್ರ ಹೋಗುತ್ತಿರಲಿಲ್ಲ. ಹಿಂದಿನ ಸಾಲುಗಳಲ್ಲಿ ಡೆಮೊ ನೋಡಲು ಮಕ್ಕಳ ತಂದೆತಾಯಿ ಕುಳಿತಿದ್ದರು. ಗದಗ, ಕುಂದಗೋಳ, ನವಲಗುಂದದಿಂದ ಬೆಳಗ್ಗೆ ಬಸ್ ಹಿಡಿದು ಬಂದವರು. ಕೀಬೋರ್ಡ್ ಮುಂದಿದ್ದ ಹುಡುಗ ಮೆಲ್ಲಗೆ ಕೇಳಿದ: "ಸರ್ರ, ಹಡಗ ಮುಂದ ಹೋಗವಲ್ದಲ್ರೀ, ಏನ್ ಮಾಡ್ಲಿ?"

ಹುಬ್ಬಳ್ಳಿಯ ನಮ್ಮ ಲ್ಯಾಬಿನಲ್ಲಿ ಡಿಪ್ಲೊಮಾ ಬ್ಯಾಚಿಗೆ ಪ್ರಾಜೆಕ್ಟ್ ಎಂದು ಕೊಡುವುದು ಎಂಡ್‌ಲೆಸ್ ಸ್ಕೈ. ಮೈಕಲ್ ಝಾನಿಸರ್ ಶುರುಮಾಡಿದ ಬಾಹ್ಯಾಕಾಶದ ಆಟ, 2015ರಲ್ಲಿ ಹೊರಬಂತು, ಕೋಡ್ ಜಿಪಿಎಲ್ 3 ಎಂಬ ಮುಕ್ತ ಪರವಾನಗಿಯ ಅಡಿ ಇದೆ. 3013ನೇ ಇಸವಿಯಲ್ಲಿ ಬ್ಯಾಂಕ್ ಸಾಲ ಮಾಡಿ ಒಂದು ಸಣ್ಣ ಹಡಗು ಕೊಳ್ಳುವುದರಿಂದ ಆಟ ಆರಂಭ. ಸರಕು ಸಾಗಿಸಿ ಸಾಲ ತೀರಿಸುವುದೋ, ಕಡಲ್ಗಳ್ಳರ ಬೇಟೆಗೆ ಇಳಿಯುವುದೋ ಆಡುವವರ ಇಷ್ಟ. ನಾವು ಇದನ್ನು ಆರಿಸಿದ ಕಾರಣ ಬೇರೆ. ಹಡಗು, ಗ್ರಹ, ಬೆಲೆ, ಮಿಷನ್ ಎಲ್ಲವೂ ಸಾದಾ ಟೆಕ್ಸ್ಟ್ ಫೈಲಿನಲ್ಲಿವೆ. ಕಂಪೈಲ್ ಮಾಡುವ, ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕೆಲಸವಿಲ್ಲ. ಆಟಕ್ಕೆ ಹೊಸದಾಗಿ ಸೇರಿಸುವ ಭಾಗಕ್ಕೆ ಪ್ಲಗಿನ್ ಎನ್ನುತ್ತಾರೆ. ಪ್ಲಗಿನ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನದೊಂದು ಫೋಲ್ಡರ್, ಅದರೊಳಗೆ ಡೇಟಾ ಮತ್ತು ಇಮೇಜಸ್ ಎಂಬ ಎರಡು ಫೋಲ್ಡರ್, ಡೇಟಾದಲ್ಲಿ ಡಾಟ್ ಟಿಎಕ್ಸ್‌ಟಿ ಫೈಲುಗಳು. ಇಷ್ಟಾದರೆ ಮುಂದಿನ ಸಲ ಆಟ ತೆರೆದಾಗ ನಿಮ್ಮ ಹಡಗು ಅಂಗಡಿಯಲ್ಲಿ ಇರುತ್ತದೆ. ಜಿಪ್ ಬಿಚ್ಚುವಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಗಿ, ಪ್ಲಗಿನ್ ಕಾಣದೆ ಒದ್ದಾಡುವುದು ಪ್ರತಿ ಬ್ಯಾಚಿನಲ್ಲೂ ಇದ್ದದ್ದೇ.

ಆ ಬ್ಯಾಚಿನ ಪ್ಲಗಿನ್ನಿನಲ್ಲಿ ಉಣಕಲ್ ಎಂಬ ಸರಕು ಹಡಗು ಇತ್ತು, ಬ್ಯಾಡಗಿ ಮತ್ತು ಲಕ್ಕುಂಡಿ ಎಂಬ ಎರಡು ಗ್ರಹಗಳಿದ್ದವು, ಬ್ಯಾಡಗಿಯಿಂದ ಲಕ್ಕುಂಡಿಗೆ 20 ಟನ್ ಮೆಣಸಿನಕಾಯಿ ಮುಟ್ಟಿಸುವ ಮಿಷನ್ ಇತ್ತು. ಮಕ್ಕಳೇ ಬರೆದದ್ದು, ಚೆನ್ನಾಗಿ ಬರೆದಿದ್ದರು. ಹಡಗಿನ ಮಾಸ್ (ತೂಕ) 180, ಡ್ರ್ಯಾಗ್ (ವೇಗವನ್ನು ತಡೆಯುವ ಎಳೆತ) 2.5, ಎಂಜಿನ್ನಿನ ಥ್ರಸ್ಟ್ (ಮುಂದೂಡುವ ಬಲ) 10. ಈ ಆಟದಲ್ಲಿ ಗರಿಷ್ಠ ವೇಗದ ಲೆಕ್ಕ ಸರಳ: ಥ್ರಸ್ಟನ್ನು ಡ್ರ್ಯಾಗಿನಿಂದ ಭಾಗಿಸಿ 60ರಿಂದ ಗುಣಿಸಬೇಕು. ಅಂದರೆ ಉಣಕಲ್ ಹಡಗಿನ ವೇಗ ಸೆಕೆಂಡಿಗೆ 240 ಪಿಕ್ಸೆಲ್ ಇರಬೇಕಿತ್ತು. ಗ್ರಹಗಳು ಸುತ್ತುತ್ತಿರುವುದರಿಂದ ಅಂತರ ಒಂದೇ ಸಮ ಇರುವುದಿಲ್ಲ, ಆ ಹೊತ್ತಿಗೆ ಎರಡರ ನಡುವೆ ಸುಮಾರು 1200 ಪಿಕ್ಸೆಲ್ ಇತ್ತು. ಐದಾರು ಸೆಕೆಂಡಿನ ದಾರಿ.

ನನ್ನ ಮೊದಲ ಊಹೆ ಎನರ್ಜಿ. ಹೊಸಬರು ಮಾಡಿದ ಹಡಗುಗಳಲ್ಲಿ ಹತ್ತಕ್ಕೆ ಎಂಟು ಅಲ್ಲೇ ಸೋಲುತ್ತವೆ. ಜನರೇಟರ್ ಕೊಡುವುದಕ್ಕಿಂತ ಎಂಜಿನ್ ಹೆಚ್ಚು ಎಳೆದರೆ ಬ್ಯಾಟರಿ ಬರಿದಾಗಿ, ಥ್ರಸ್ಟ್ ಆ ಪ್ರಮಾಣಕ್ಕೇ ಇಳಿಯುತ್ತದೆ. ಅದಕ್ಕೇ ಹುಡುಗನಿಗೆ "ಎಲ್ ಒತ್ತು, ವಾಪಸ್ ಇಳಿ, ಔಟ್‌ಫಿಟರ್‌ಗೆ ಹೋಗಿ ಇನ್ನೊಂದು ಜನರೇಟರ್ ಹಾಕು" ಎಂದೆ (ಔಟ್‌ಫಿಟರ್ ಎಂದರೆ ಹಡಗಿನ ಸಲಕರಣೆಯ ಅಂಗಡಿ). ಹಾಕಿದ. ಮೇಲೆದ್ದ. ಹಡಗು ಹಾಗೇ ತೆವಳಿತು. ಬ್ಯಾಟರಿ ಸೇರಿಸಿದೆವು, ಅದರಿಂದಲೂ ಏನೂ ಆಗಲಿಲ್ಲ.

ಬಲಗಡೆಯ ಎನರ್ಜಿ ಪಟ್ಟಿ ಈ ಹೊತ್ತೆಲ್ಲ ತುಂಬಿಯೇ ಇತ್ತು. ಅದನ್ನು ನೋಡದೆ ಜನರೇಟರ್ ಮಾತಾಡಿದ್ದು ನನ್ನ ತಪ್ಪು, ಈಗಲೂ ಚುಚ್ಚುತ್ತದೆ. ಪಟ್ಟಿ ತುಂಬಿದ್ದರೆ ಎನರ್ಜಿಯ ಕೊರತೆ ಇಲ್ಲವೆಂದೇ ಅರ್ಥ, ಅಲ್ಲಿಗೆ ಆ ದಾರಿ ಬಿಡಬೇಕಿತ್ತು.

ಬಿಡದೆ, ಎಂಜಿನ್ನೇ ಸಣ್ಣದಾಯಿತೇನೋ ಎಂದು 20 ಥ್ರಸ್ಟಿನ ಎಂಜಿನ್ ಹಾಕಿಸಿದೆ. ವೇಗ ಎರಡು ಪಟ್ಟಾಯಿತು, ಆದರೂ ತೆವಳುವುದು ತಪ್ಪಲಿಲ್ಲ. ಉತ್ತರ ಅಲ್ಲೇ ಇತ್ತು. ಥ್ರಸ್ಟ್ ದುಪ್ಪಟ್ಟಾದಾಗ ವೇಗವೂ ದುಪ್ಪಟ್ಟಾದರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ, ಕೆಟ್ಟಿರುವುದು ಭಾಗಿಸುವ ಅಂಕಿ. ತಿರುಗುವುದಕ್ಕೂ ಡ್ರ್ಯಾಗಿಗೂ ಸಂಬಂಧವಿಲ್ಲ, ತಿರುಗುವ ಬಲವನ್ನು ಮಾಸಿನಿಂದ ಭಾಗಿಸುತ್ತಾರೆ. ಹಡಗು ಸಲೀಸಾಗಿ ತಿರುಗುತ್ತದೆ, ಮುಂದೆ ಹೋಗುವುದಿಲ್ಲ ಎಂದರೆ ನೇರವಾಗಿ ಡ್ರ್ಯಾಗ್ ನೋಡಬೇಕು. ಇದೆಲ್ಲ ಗೊತ್ತಿದ್ದೂ ಅಷ್ಟು ಜನರ ಮುಂದೆ ಹೊಳೆಯಲಿಲ್ಲ. ಹನ್ನೊಂದು ನಿಮಿಷ ಹೋಗಿತ್ತು.

ಕೊನೆಗೆ ಆಟ ಮುಚ್ಚಿಸಿ, ಆಟ ತಾನು ಕಂಡ ತಪ್ಪುಗಳನ್ನು ಬರೆದಿಡುವ ಎರರ್ಸ್ ಡಾಟ್ ಟಿಎಕ್ಸ್‌ಟಿ ತೆರೆದೆವು. ಲಿನಕ್ಸಿನಲ್ಲಿ ಅದು ಹೋಮ್‌ನ ಡಾಟ್ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಎಂಡ್‌ಲೆಸ್-ಸ್ಕೈ ಫೋಲ್ಡರಿನಲ್ಲಿ, ಪ್ಲಗಿನ್ಸ್ ಫೋಲ್ಡರಿನ ಪಕ್ಕದಲ್ಲೇ ಇರುತ್ತದೆ. ಎರಡು ಎಚ್ಚರಿಕೆ ಇದ್ದವು. ಒಂದು, ಹಡಗಿನ ಫೈಲಿನಲ್ಲಿ ಟ್ಯಾಬ್ ಮತ್ತು ಸ್ಪೇಸ್ ಬೆರೆತಿವೆ ಎಂದು. ಇನ್ನೊಂದು, ಉಣಕಲ್ ಹಡಗಿಗೆ ಡ್ರ್ಯಾಗ್ ಇಲ್ಲ, ಆದ್ದರಿಂದ 100 ಎಂದು ಇಟ್ಟುಕೊಂಡಿದ್ದೇನೆ ಎಂದು. 10ನ್ನು 100ರಿಂದ ಭಾಗಿಸಿ 60ರಿಂದ ಗುಣಿಸಿದರೆ 6. ಐದು ಸೆಕೆಂಡಿನ ದಾರಿಗೆ 200 ಸೆಕೆಂಡ್. ಹಡಗು ಕೊಳ್ಳುವಾಗ ಅಂಗಡಿಯ ಪರದೆಯಲ್ಲಿ ಗರಿಷ್ಠ ವೇಗದ ಎದುರು ಇದೇ ಅಂಕಿ, ಪ್ರೊಜೆಕ್ಟರಿನಲ್ಲಿ ಎಲ್ಲರ ಎದುರಿಗೇ ಇತ್ತು. ಒಬ್ಬರೂ ಓದಿರಲಿಲ್ಲ.

ಡ್ರ್ಯಾಗ್ ಸಾಲು ಫೈಲಿನಲ್ಲಿತ್ತು, 2.5 ಎಂದೂ ಇತ್ತು. ಮತ್ತೆ ಇಲ್ಲ ಎಂದು ಆಟ ಏಕೆ ಹೇಳಿತು? ಈ ಆಟದಲ್ಲಿ ಯಾವ ಸಾಲು ಯಾವುದರ ಒಳಗೆ ಬರುತ್ತದೆ ಎಂಬುದು ಸಾಲಿನ ಮುಂದಿರುವ ಖಾಲಿ ಅಕ್ಷರಗಳ ಎಣಿಕೆಯ ಮೇಲೆ ನಿಂತಿದೆ. ಟ್ಯಾಬ್ ಆದರೂ ಒಂದು, ಸ್ಪೇಸ್ ಆದರೂ ಒಂದು. ಶಿಪ್ ಎಂಬ ಸಾಲಿಗೆ ಸೊನ್ನೆ, ಹಡಗಿನ ಗುಣಗಳ ಪಟ್ಟಿ ತೆರೆಯುವ ಆಟ್ರಿಬ್ಯೂಟ್ಸ್ ಸಾಲಿಗೆ ಒಂದು ಟ್ಯಾಬ್, ಮಾಸ್ ಸಾಲಿಗೆ ಎರಡು ಟ್ಯಾಬ್. ಅದರ ಕೆಳಗೆ ಡ್ರ್ಯಾಗ್ ಸಾಲಿಗೆ ನಾಲ್ಕು ಸ್ಪೇಸ್ ಬಿದ್ದಿತ್ತು. ಹುಡುಗರು ಅಂಕಿ ಬದಲಿಸಿ ವಾಟ್ಸಾಪಿನಲ್ಲಿ ಕಳಿಸಿಕೊಂಡು ಅಲ್ಲಿಂದ ಅಂಟಿಸಿದ್ದರು. ನಾಲ್ಕು ಎಂಬುದು ಎರಡಕ್ಕಿಂತ ಹೆಚ್ಚು, ಹಾಗಾಗಿ ಆಟದ ಲೆಕ್ಕದಲ್ಲಿ ಡ್ರ್ಯಾಗ್ ಎಂಬುದು ಮಾಸಿನ ಮಗುವಾಯಿತು. ಮಾಸಿನ ಒಳಗೆ ಏನಿದೆ ಎಂದು ಆಟ ನೋಡುವುದೇ ಇಲ್ಲ. ಮುಂದಿನ ಸಾಲು ಮತ್ತೆ ಎರಡು ಟ್ಯಾಬಿನದು, ಅದು ತನ್ನ ಜಾಗಕ್ಕೆ ಸರಿಯಾಗಿ ಕೂತಿತು. ಹೀಗೆ ಒಂದೇ ಸಾಲು ಸದ್ದಿಲ್ಲದೆ ಮಾಯ. ಎಡಿಟರಿನಲ್ಲಿ ನಾಲ್ಕು ಸ್ಪೇಸೂ ಟ್ಯಾಬೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಬಲ ಬಾಣದ ಕೀ ಒತ್ತಿ ನೋಡಬೇಕು. ಟ್ಯಾಬ್ ಇದ್ದರೆ ಕರ್ಸರ್ ಒಂದೇ ನೆಗೆತಕ್ಕೆ ದಾಟುತ್ತದೆ, ಸ್ಪೇಸ್ ಇದ್ದರೆ ಒಂದೊಂದೇ ಹೆಜ್ಜೆ. ಟರ್ಮಿನಲ್ಲಿನಲ್ಲಿ ಕ್ಯಾಟ್ ಕಮಾಂಡಿಗೆ ದೊಡ್ಡ ಎ ಆಪ್ಷನ್ ಕೊಟ್ಟರೆ ಟ್ಯಾಬ್ ಇದ್ದಲ್ಲೆಲ್ಲ ಟೊಪ್ಪಿಗೆ ಗುರುತು ಮತ್ತು ದೊಡ್ಡ ಐ ಕಾಣುತ್ತದೆ, ಸ್ಪೇಸ್ ಖಾಲಿಯಾಗಿಯೇ ಇರುತ್ತದೆ.

ಸಾಲು ಸರಿಮಾಡಿದೆವು, ಆಟ ತೆರೆದೆವು, ಉಳಿಸಿದ ಆಟ ಲೋಡ್ ಮಾಡಿದೆವು, ಹುಡುಗ ಮೇಲೆದ್ದ.

ಹಡಗು ಮತ್ತೆ ತೆವಳಿತು.

ಆ ಕ್ಷಣ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಮಿಷೀನ್ ರೀಸ್ಟಾರ್ಟ್ ಮಾಡೋಣವೇ ಎಂದು ಯಾರೋ ಕೇಳಿದರು. ಮಾಡುವಂತಿರಲಿಲ್ಲ. ನಮ್ಮ ಲ್ಯಾಬಿನ ಮಿಷೀನುಗಳು ರೀಸ್ಟಾರ್ಟ್ ಆದರೆ ಹಳೆಯ ಸ್ಥಿತಿಗೆ ಮರಳುತ್ತವೆ, ಪ್ಲಗಿನ್ನೂ ಸೇವ್ ಫೈಲೂ ಎರಡೂ ಹೋಗುತ್ತವೆ. ಪ್ರಾಜೆಕ್ಟ್ ಬ್ಯಾಚಿಗಾದರೂ ಒಂದು ಡ್ರೈವ್ ಬಿಟ್ಟುಕೊಡಿ ಎಂದು ಮೇಲಿನವರಿಗೆ ಎರಡು ಸಲ ಬರೆದು ಕೊಟ್ಟಿದ್ದೆವು. ಡೆಮೊಗೆ ಮುಂಚೆ ಅರ್ಧ ತಾಸು ರಿಹರ್ಸಲ್ ಕೇಳಿದ್ದೆವು, ಆ ಹೊತ್ತು ಬ್ಯಾನರ್ ಕಟ್ಟಲು ಮತ್ತು ಫೋಟೊ ತೆಗೆಸಲು ಹೋಯಿತು. ಈ ಮಾತನ್ನು ಆ ದಿನ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಹಡಗು ತೆವಳಿದ್ದಕ್ಕೆ ಕಾರಣ ಇದು: ಒಮ್ಮೆ ಕೊಂಡ ಹಡಗಿನ ಪೂರ್ತಿ ವಿವರ ಸೇವ್ ಫೈಲಿನೊಳಗೆ ನಕಲಾಗುತ್ತದೆ. ಪ್ಲಗಿನ್ನಿನಲ್ಲಿ ಆಮೇಲೆ ಏನು ತಿದ್ದಿದರೂ ಅಂಗಡಿಯಲ್ಲಿರುವ ಹಡಗಿಗೆ ತಾಗುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವುದಕ್ಕಲ್ಲ. ಸರಿಮಾಡಲು ಎರಡು ದಾರಿ. ಹಣವಿದ್ದರೆ ಹೊಸದನ್ನು ಮೊದಲು ಕೊಂಡು, ಆಮೇಲೆ ಹಳೆಯದನ್ನು ಮಾರುವುದು. ಮೊದಲೇ ಮಾರಿದರೆ ಮಿಷನ್ನಿನ ಸರಕಿಗೆ ಜಾಗವಿಲ್ಲದಂತಾಗುತ್ತದೆ. ಇಲ್ಲವಾದರೆ ಆಟ ಪೂರ್ತಿ ಮುಚ್ಚಿ, ಸೇವ್ಸ್ ಫೋಲ್ಡರಿನಲ್ಲಿ ಪೈಲಟ್ ಹೆಸರಿನ ಫೈಲ್ ತೆರೆದು, ಆ ಹಡಗಿನ ಆಟ್ರಿಬ್ಯೂಟ್ಸ್ ಅಡಿಯಲ್ಲಿ ಎರಡು ಟ್ಯಾಬ್ ಕೊಟ್ಟು ಡ್ರ್ಯಾಗ್ 2.5 ಎಂದು ಬರೆಯುವುದು. ಆಟ ತೆರೆದಿಟ್ಟೇ ತಿದ್ದಿದರೆ ಮುಂದಿನ ಟೇಕಾಫ್‌ನಲ್ಲಿ ಆಟ ತಾನೇ ಸೇವ್ ಮಾಡಿ ನಿಮ್ಮ ತಿದ್ದುಪಡಿಯನ್ನು ಅಳಿಸುತ್ತದೆ. ನಾವು ಹೊಸದನ್ನು ಕೊಂಡೆವು. ಮೆಣಸಿನಕಾಯಿ ಲಕ್ಕುಂಡಿ ಮುಟ್ಟಿತು. ಅಷ್ಟೊತ್ತಿಗೆ ಬಸ್ಸಿಗೆ ಹೊತ್ತಾಯಿತೆಂದು ಕೆಲವರು ಎದ್ದು ಹೋಗಿದ್ದರು. ಆ ಹುಡುಗನ ತಾಯಿ ಕುಳಿತೇ ಇದ್ದರು.

ಈಗ ಡೆಮೊ ಹಿಂದಿನ ದಿನ ಎರಡು ಕಮಾಂಡ್ ಕಡ್ಡಾಯ. ಆಟದ ಹೆಸರಿನ ನಂತರ ಎರಡು ಅಡ್ಡಗೆರೆ, ಪಾರ್ಸ್-ಅಸೆಟ್ಸ್ ಎಂದು ಹೊಡೆದರೆ ಡೇಟಾ, ಚಿತ್ರ, ಧ್ವನಿ ಎಲ್ಲ ಓದಿ ತಪ್ಪು ಹೇಳಿ ಮುಗಿಸುತ್ತದೆ. ಎರಡು ಅಡ್ಡಗೆರೆ ಶಿಪ್ಸ್ ಎಂದರೆ ಎಲ್ಲ ಹಡಗುಗಳ ಪಟ್ಟಿ ಅಲ್ಪವಿರಾಮ ಹಾಕಿ ಕೊಡುತ್ತದೆ, ಲಿಬ್ರೆ ಆಫೀಸ್ ಕ್ಯಾಲ್ಕಿಗೆ ಎಳೆದು ಸ್ಪೀಡ್ ಕಾಲಮ್ಮನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಬೇಕು. ಎಂಜಿನ್ ಇರುವ ಹಡಗೊಂದು 6ರ ವೇಗದಲ್ಲಿ ಮೇಲಿನ ಸಾಲುಗಳಲ್ಲಿ ಕಂಡರೆ ಡ್ರ್ಯಾಗ್ ಕಾಲಮ್ ನೋಡಿ, ಅಲ್ಲಿ 100 ಇರುತ್ತದೆ. ಡೆಮೊಗೆ ಹಳೆಯ ಸೇವ್ ಬಳಸುವುದಿಲ್ಲ, ಅಂತಿಮ ಪ್ಲಗಿನ್ನಿನ ಮೇಲೆ ಹೊಸ ಪೈಲಟ್.

ಎರರ್ಸ್ ಫೈಲೂ ಹಿಡಿಯದ ತಪ್ಪು ಒಂದಿದೆ, ಅದು ನಮ್ಮ ಕನ್ನಡದ್ದೇ. ಮಿಷನ್ನಿನ ಮಾತನ್ನು ಹುಡುಗಿಯೊಬ್ಬಳು ಕನ್ನಡದಲ್ಲಿ ಬರೆದಿದ್ದಳು. ಎಚ್ಚರಿಕೆ ಒಂದೂ ಇರಲಿಲ್ಲ, ಪರದೆಯಲ್ಲಿ ಅಕ್ಷರವೂ ಒಂದಿರಲಿಲ್ಲ. ನಮ್ಮಲ್ಲಿರುವ ಆವೃತ್ತಿಯಲ್ಲಿ ಫಾಂಟ್ ಎಂದರೆ 98 ಗುರುತುಗಳ ಒಂದು ಚಿತ್ರ: ಇಂಗ್ಲಿಷ್ ಅಕ್ಷರ, ಅಂಕಿ, ವಿರಾಮ ಚಿಹ್ನೆ, ಅಷ್ಟೇ. ಆಟ ಒಂದೊಂದು ಬೈಟ್ ತೆಗೆದುಕೊಂಡು ಈ ಚಿತ್ರದಲ್ಲಿ ಹುಡುಕುತ್ತದೆ. ಅಕ್ಷರಗಳನ್ನು ಬೈಟುಗಳಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅವೆಲ್ಲ ಪಟ್ಟಿಯ ಆಚೆಗಿನವು, ನಮ್ಮ ಮಿಷೀನುಗಳಲ್ಲಿ ಎಲ್ಲವೂ ಸ್ಪೇಸ್ ಆಗಿ ಬೀಳುತ್ತವೆ. "ಮೆಣಸಿನಕಾಯಿ" ಎಂದರೆ ಸ್ವರಚಿಹ್ನೆ ಸೇರಿ 10 ಸಂಕೇತ, ಪರದೆಯಲ್ಲಿ 30 ಸ್ಪೇಸ್. ಚಿತ್ರಕ್ಕೆ ಕನ್ನಡ ಅಕ್ಷರ ಸೇರಿಸಿದರೂ ಸಾಲದು, ಒತ್ತಕ್ಷರ ಕೂಡಿಸುವ ಕೆಲಸ ಬೇರೆಯೇ ಇದೆ. ಅದನ್ನು ಕೋಡಿನಲ್ಲಿ ತರುವ ಕೆಲಸಕ್ಕೆ ನಮ್ಮ ಮಕ್ಕಳೇ ಕೈಹಾಕಬೇಕೆಂಬುದು ನನ್ನ ಆಸೆ.

ಅಲ್ಲಿಯವರೆಗೆ ಮಾತನ್ನು ಚಿತ್ರವಾಗಿಸುತ್ತೇವೆ. ಇಂಕ್‌ಸ್ಕೇಪಿನಲ್ಲಿ ಗಾಢ ಬಣ್ಣದ ಹಿನ್ನೆಲೆ, ಬಿಳಿ ಅಕ್ಷರ, ಪಿಎನ್‌ಜಿ ಮಾಡಿ ಇಮೇಜಸ್ ಒಳಗಿನ ಸೀನ್ ಫೋಲ್ಡರಿಗೆ ಹಾಕುವುದು. ಮಿಷನ್ನಿನ ಮಾತು ಬರೆಯುವ ಕಾನ್ವರ್ಸೇಷನ್ ಒಳಗೆ ಸೀನ್ ಎಂಬ ಸಾಲಿನಲ್ಲಿ, ಡಾಟ್ ಪಿಎನ್‌ಜಿ ಬಿಟ್ಟು, ಸೀನ್ ಫೋಲ್ಡರಿನ ಹೆಸರೂ ಸೇರಿಸಿ ಆ ಚಿತ್ರದ ಹೆಸರು ಕೊಡುವುದು. ಉತ್ತರ ಆರಿಸುವ ಸಾಲುಗಳು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಾಗುತ್ತದೆ. ಆ ಹುಡುಗಿ ಅಲ್ಲಿ "ಹೂನ್ರಿ" ಮತ್ತು "ಒಲ್ಲೆರಿ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾಳೆ.