ಎಲ್ಲ ಕಡೆ 1236 ವೋಲ್ಟ್

ಹೋದ ವಾರ ತುಮಕೂರಿನಲ್ಲಿ ನಮ್ಮ ಭಾವ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರು. ಹಾಕಿದವನು ಕೊಟ್ಟ ಟೆಸ್ಟ್ ರಿಪೋರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, "ನೀನು ಇದೇ ಕೆಲಸದವನಲ್ವಾ, ಸರಿ ಇದ್ಯಾ ನೋಡಪ್ಪ" ಅಂದರು. ನೋಡಿದೆ. ಮೂರು ಅರ್ಥ್ ಪಿಟ್ ಇದ್ದವು, ಅಂದರೆ ಸೋರಿದ ಕರೆಂಟು ನೆಲಕ್ಕೆ ಇಳಿಯೋಕೆ ತೋಡಿದ ಗುಂಡಿಗಳು. ಪ್ಯಾನಲ್‌ನಿಂದ ಬರೋ ಡಿಸಿ ಕಡೆಗೆ ಒಂದು, ಮನೆಗೆ ಹೋಗೋ ಎಸಿ ಕಡೆಗೆ ಒಂದು, ಸಿಡಿಲಿಗೆ ಒಂದು. ನೆಲದ ತಡೆ (ರೆಸಿಸ್ಟೆನ್ಸ್) ಮೂರಕ್ಕೂ ಒಂದೇ, 1.00 ಓಮ್ ಅಂತ ಬರೆದಿತ್ತು. ನಗು ಬಂತು. ಆಮೇಲೆ ಪಾವಗಡ ನೆನಪಾಯಿತು.

2019ರ ಬೇಸಿಗೆ ಅದು. ಪಾವಗಡ ಸೋಲಾರ್ ಪಾರ್ಕ್ ಗೊತ್ತಿರಬೇಕಲ್ಲ, ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆ, ಒಟ್ಟು 2050 ಮೆಗಾವ್ಯಾಟ್. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. 2018ರ ಮಾರ್ಚ್‌ನಲ್ಲಿ ಮೊದಲ 600 ಮೆಗಾವ್ಯಾಟ್ ಉದ್ಘಾಟನೆ ಆಗಿತ್ತು, ಉಳಿದದ್ದು ಬ್ಲಾಕ್ ಬ್ಲಾಕ್ ಆಗಿ ತುಂಬುತ್ತಿತ್ತು. ಅದರಲ್ಲಿ 50 ಮೆಗಾವ್ಯಾಟಿನ ಒಂದು ಬ್ಲಾಕ್ ಚಾಲೂ ಮಾಡುವ ಮುಂಚೆ ಟೆಸ್ಟ್ ಮಾಡೋ ತಂಡದಲ್ಲಿ ನಾನಿದ್ದೆ.

ಹೊರಗಿನವರಿಗೆ ಇದು ಸುಲಭ ಅನ್ನಿಸುತ್ತದೆ. ಪ್ಯಾನಲ್ ಕೂರಿಸಿದ್ದಾಯಿತು, ತಂತಿ ಎಳೆದಿದ್ದಾಯಿತು, ಸ್ವಿಚ್ ಹಾಕಿದರೆ ಮುಗೀತು ಅಂತ. ಆದರೆ ಪ್ಯಾನಲ್‌ಗೆ ಆಫ್ ಅನ್ನೋ ಸ್ವಿಚ್ ಇರಲ್ಲ. ಬೆಳಗಾದರೆ ಅದು ಜೀವಂತ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಹಾಗಾಗಿ ಕಿಡಿ ಹಾರಿದರೂ ಆರುವುದಕ್ಕೆ ದಾರಿ ಇದೆ. ಪ್ಯಾನಲ್‌ನ ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಕರೆಂಟು ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಆರ್ಕ್, ಅಂದರೆ ಗಾಳಿಯಲ್ಲೇ ಹಾರುವ ಕಿಡಿ, ಆರದೆ ಬೆಂಕಿ ಹಿಡಿದ ಹಾಗೆ ಉರಿಯುತ್ತಲೇ ಇರುತ್ತದೆ.

ನಮ್ಮ ಬ್ಲಾಕ್‌ನಲ್ಲಿ ಹತ್ತಿರ ಹತ್ತಿರ ಎರಡು ಲಕ್ಷ ಪ್ಯಾನಲ್. ಮೂವತ್ತು ಪ್ಯಾನಲ್ ಸರದ ಹಾಗೆ ಪೋಣಿಸಿದರೆ ಒಂದು ಸ್ಟ್ರಿಂಗ್. ಅಂದರೆ ಆರೂವರೆ ಸಾವಿರಕ್ಕೂ ಜಾಸ್ತಿ ಸ್ಟ್ರಿಂಗ್. ಇಪ್ಪತ್ನಾಲ್ಕು ಸ್ಟ್ರಿಂಗ್ ಒಂದು ಕಂಬೈನರ್ ಬಾಕ್ಸಿಗೆ, ಅಂದರೆ ಅವನ್ನೆಲ್ಲ ಒಟ್ಟುಗೂಡಿಸೋ ಪೆಟ್ಟಿಗೆಗೆ, ಬರುತ್ತವೆ. ಫ್ಯೂಸ್ ಹಾಕುವ ಮುಂಚೆ ಪ್ರತಿಯೊಂದಕ್ಕೂ ಮೀಟರ್ ಇಟ್ಟು, ಪ್ಲಸ್ ಮೈನಸ್ ಸರಿ ಇದೆಯಾ, ವೋಲ್ಟೇಜ್ ಎಷ್ಟು ಬರುತ್ತಿದೆ ಅಂತ ಬರೆಯಬೇಕು. ಬೇಜಾರಿನ ಕೆಲಸ. ಅದನ್ನು ಬೇರೆ ಒಂದು ಗುಂಪಿಗೆ ಗುತ್ತಿಗೆ ಕೊಟ್ಟಿದ್ದರು, ನಾವು ಅವರ ಶೀಟ್ ನೋಡಿ, ಅಲ್ಲೊಂದು ಇಲ್ಲೊಂದು ನಾವೇ ಅಳೆದು, ಸಹಿ ಹಾಕಬೇಕಿತ್ತು. ದಿನಾಂಕದ ಒತ್ತಡ ಬೇರೆ. ಇಂಥ ಪ್ರಾಜೆಕ್ಟ್‌ಗಳಲ್ಲಿ ಹೇಳಿದ ದಿನಕ್ಕೆ ಚಾಲೂ ಆಗದಿದ್ದರೆ ದಂಡ ಬೀಳುತ್ತದೆ, ಅದಕ್ಕೇ ಕಡೆಯ ವಾರದಲ್ಲಿ ಎಲ್ಲರ ಬಾಯಲ್ಲೂ "ಇವತ್ತು ಮುಗಿಸಿಬಿಡಿ" ಒಂದೇ ಮಾತು.

ಆ ಶೀಟ್ ಬಂತು. ಎಷ್ಟು ಚೆನ್ನಾಗಿತ್ತು ಅಂದರೆ ಫ್ರೇಮ್ ಹಾಕಿಸಬಹುದಿತ್ತು. 1236, 1236, 1236, ಮೇಲಿಂದ ಕೆಳಗಿನವರೆಗೆ.

ಅಲ್ಲಿನ ಒಂದೊಂದು ಪ್ಯಾನಲ್ ಹಿಂದೆ ಅಂಟಿಸಿದ ಲೇಬಲ್‌ನಲ್ಲಿ 46 ವೋಲ್ಟ್ ಅಂತ ಇತ್ತು. ಮೂವತ್ತಕ್ಕೆ 1380 ಆಗಬೇಕು. ಆದರೆ ಅದು ಪ್ಯಾನಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ಪಾವಗಡದ ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆ ಪ್ಯಾನಲ್ ಹಿಂಬದಿ ಕೈ ಇಟ್ಟು ನೋಡಿ, 60 ಡಿಗ್ರಿ ಇರುತ್ತದೆ. ಬಿಸಿ ಒಂದು ಡಿಗ್ರಿ ಏರಿದರೆ ವೋಲ್ಟೇಜ್ ಹತ್ತಿರ ಹತ್ತಿರ ನೂರಕ್ಕೆ 0.3ರಷ್ಟು ಇಳಿಯುತ್ತದೆ. ಲೆಕ್ಕ ಹಾಕಿದರೆ 1236 ಸರಿಯಾದ ಸಂಖ್ಯೆಯೇ! ಯಾರೋ ಒಂದು ಸ್ಟ್ರಿಂಗ್ ನಿಜವಾಗಿಯೂ ಅಳೆದಿದ್ದಾರೆ. ಉಳಿದಿದ್ದು ಟೀ ಅಂಗಡಿಯಲ್ಲಿ ಕೂತು ತುಂಬಿದ್ದು. ಇಪ್ಪತ್ನಾಲ್ಕು ಸ್ಟ್ರಿಂಗ್ ಅಳೆಯುವಷ್ಟರಲ್ಲಿ ಒಂದು ಮೋಡ ಹಾದುಹೋಗುತ್ತದೆ, ಗಾಳಿ ಬೀಸುತ್ತದೆ, ಪ್ಯಾನಲ್ ತಣ್ಣಗಾಗುತ್ತದೆ, ಮತ್ತೆ ಬಿಸಿಯಾಗುತ್ತದೆ, ಎಲ್ಲದರಲ್ಲೂ ಒಂದೇ ಸಂಖ್ಯೆ ಬರೋಕೆ ಸಾಧ್ಯವೇ ಇಲ್ಲ.

ನನ್ನ ಜೊತೆ ತಿರುಮಣಿಯ ಹುಡುಗನೊಬ್ಬ ಹೆಲ್ಪರ್ ಆಗಿದ್ದ. ಆ ಕಡೆ ಮನೆಮಾತು ತೆಲುಗೇ ಜಾಸ್ತಿ, ನನ್ನ ಜೊತೆ ಮಾತ್ರ ಕನ್ನಡ. ಅವರ ಮನೆಯ ಆರು ಎಕರೆಯೂ ಪಾರ್ಕಿಗೆ ಹೋಗಿತ್ತು. "ಇಲ್ಲಿ ನಮ್ಮ ಶೇಂಗಾ ಇತ್ತು ಸಾರ್, ಮಳೆ ಬಂದ ವರ್ಷ" ಅಂತ ಇನ್ವರ್ಟರ್ (ಡಿಸಿಯನ್ನು ಎಸಿ ಮಾಡೋ ಯಂತ್ರ) ರೂಮಿನ ಪಕ್ಕ ತೋರಿಸುತ್ತಿದ್ದ. ಅವನನ್ನು ಕರೆದುಕೊಂಡು ಹೋಗಿ ಒಂದು ಬಾಕ್ಸ್ ತೆಗೆದೆ. ಅಳೆದೆವು. 1233, 1238, 1235, 1231. ಒಂಬತ್ತನೆಯದಕ್ಕೆ 1195.

ನಲವತ್ತೊಂದು ವೋಲ್ಟ್ ಕಮ್ಮಿ. ಇದು ಹದಿನಾಲ್ಕು ವೋಲ್ಟ್ ಇದ್ದಿದ್ದರೆ ಬೇರೆ ಕಥೆ. ಒಂದು ಪ್ಯಾನಲ್‌ನಲ್ಲಿ ಮೂರು ಬೈಪಾಸ್ ಡಯೋಡ್ (ಕೆಟ್ಟ ಭಾಗವನ್ನು ಬಿಟ್ಟು ಕರೆಂಟಿಗೆ ಪಕ್ಕದ ದಾರಿ ಕೊಡುವ ಬಿಡಿಭಾಗ) ಇರುತ್ತವೆ, ಒಂದು ಶಾರ್ಟ್ ಆದರೆ ಆ ಪ್ಯಾನಲ್‌ನ ವೋಲ್ಟೇಜಿನ ಮೂರನೇ ಒಂದು ಭಾಗ ಹೋಗುತ್ತದೆ. ಆದರೆ 41 ಅಂದರೆ ಆ ಬಿಸಿಲಲ್ಲಿ ಸರಿಯಾಗಿ ಒಂದು ಪೂರ್ತಿ ಪ್ಯಾನಲ್. "ಮೂವತ್ತಿರೋ ಕಡೆ ಇಪ್ಪತ್ತೊಂಬತ್ತೇ ಇದೆ ಕಣೋ" ಅಂದೆ. ಅವನು ಮೇಲಿಂದ ಎಣಿಸಿ ಬಂದು, "ಮೂವತ್ತೂ ಇದೆ ಸಾರ್" ಅಂದ. ಇಬ್ಬರೂ ಸಾಲಿನ ಕೆಳಗೆ ಬಗ್ಗಿಕೊಂಡು ನಡೆದೆವು. ಹದಿನೇಳನೇ ಪ್ಯಾನಲ್‌ನ ಎರಡೂ ವೈರು ಸುಮ್ನೆ ನೇತಾಡುತ್ತಿದ್ದವು. ಹದಿನಾರರಿಂದ ನೇರವಾಗಿ ಹದಿನೆಂಟಕ್ಕೆ ಒಂದು ಉದ್ದದ ವೈರು ಜೋಡಿಸಿ, ಕೇಬಲ್ ಟೈ ಹಾಕಿ ನೀಟಾಗಿ ಕಟ್ಟಿದ್ದರು. ಆ ಪ್ಯಾನಲ್‌ನ ಹಿಂದೆ ವೈರು ಹೊರಡುವ ಜಂಕ್ಷನ್ ಬಾಕ್ಸ್ ಮೂಲೆ ಒಡೆದಿತ್ತು. ಎತ್ತಿ ಕೂರಿಸುವಾಗ ಏಟು ಬಿದ್ದಿರಬೇಕು. ಬದಲಿಗೆ ಬೇರೆ ತರಿಸೋದು ಯಾರಿಗೆ ಬೇಕು, ಮೇಲಿಂದ ನೋಡಿದರೆ ಗಾಜು ಸರಿಯಾಗೇ ಇದೆಯಲ್ಲ.

ನಿಜ ಹೇಳಬೇಕಂದರೆ ಎರಡು ಲಕ್ಷದಲ್ಲಿ ಒಂದು ಪ್ಯಾನಲ್ ಇಲ್ಲದಿದ್ದರೆ ಏನೂ ಆಗಲ್ಲ. ನನಗೆ ಭಯ ಆಗಿದ್ದು ಬೇರೆ. ಈ ಸ್ಟ್ರಿಂಗ್ ಅಳೆದಿಲ್ಲ ಅಂದರೆ ಯಾವುದನ್ನೂ ಅಳೆದಿಲ್ಲ. ಆ ಇನ್ವರ್ಟರಿಗೆ ಸೇರಿದ ಕಂಬೈನರ್ ಬಾಕ್ಸ್ ಅಷ್ಟನ್ನೂ ಮತ್ತೆ ತೆಗೆಸಿದೆ, ಸಾಕಷ್ಟು ಬೈಗುಳ ತಿಂದೆ. ಇಂಥವು ಇನ್ನೂ ಎರಡು ಸಿಕ್ಕವು. ಮೂರನೇ ದಿನ ಒಂದು ಬಾಕ್ಸ್‌ನಲ್ಲಿ ಮೀಟರಿನ ಸಂಖ್ಯೆಯ ಮುಂದೆ ಮೈನಸ್ ಗೆರೆ ಬಂತು. ಪ್ಲಸ್ ಇರಬೇಕಾದಲ್ಲಿ ಮೈನಸ್, ಕನೆಕ್ಟರ್ ಉಲ್ಟಾ ಹಾಕಿದ್ದರು. ಶೀಟಿನಲ್ಲಿ ಅದಕ್ಕೂ 1236! ಅದಕ್ಕೆ ಫ್ಯೂಸ್ ಹಾಕಿದ್ದರೆ ಉಳಿದ ಇಪ್ಪತ್ಮೂರು ಸ್ಟ್ರಿಂಗುಗಳ ಕರೆಂಟು ಒಂದರ ಮೇಲೆ ನುಗ್ಗುತ್ತಿತ್ತು. ಫ್ಯೂಸ್ ತುಂಬೋ ಕೆಲಸ ಆ ಹುಡುಗನದ್ದು.

ಉಳಿದ ಟೆಸ್ಟ್‌ಗಳಲ್ಲಿ ಇಷ್ಟು ನಾಟಕ ಇರಲಿಲ್ಲ. ಮೆಗ್ಗರ್ ಅನ್ನೋ ಮೀಟರ್ ಹಾಕಿ ಕೇಬಲ್ಲಿನ ಇನ್ಸುಲೇಷನ್, ಅಂದರೆ ಹೊದಿಕೆಯಿಂದ ಕರೆಂಟು ಸೋರುತ್ತಿದೆಯಾ ಅಂತ, ನೋಡಿದೆವು. ಬೆಳಗ್ಗೆ ಏಳಕ್ಕೆ ಇಬ್ಬನಿಯಲ್ಲಿ ಮಾಡಿದರೆ ಕಮ್ಮಿ ತೋರಿಸಿ ಹೆದರಿಸುತ್ತದೆ, ಹತ್ತು ಗಂಟೆಗೆ ಅದೇ ಕೇಬಲ್ ಪಾಸ್. ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಪುಟ್ಟ ಬಟ್ಟಲಿಗೆ ಹಾಕಿ, ಎರಡೂವರೆ ಮಿಲಿಮೀಟರ್ ದೂರದಲ್ಲಿ ಎರಡು ಲೋಹದ ಗುಂಡು ಇಟ್ಟು, ಕಿಡಿ ಹಾರುವ ತನಕ ವೋಲ್ಟೇಜ್ ಏರಿಸುತ್ತಾರೆ. ಹೀಗೆ ಆರು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ಟಪ್ ಅಂತ ಆ ಸದ್ದು ಕೇಳೋಕೆ ಹುಡುಗರೆಲ್ಲ ಸೇರುತ್ತಿದ್ದರು. ವಿದ್ಯುತ್ ಪರಿವೀಕ್ಷಕರು ಬಂದು ಅರ್ಥಿಂಗ್, ರಬ್ಬರ್ ಮ್ಯಾಟ್, ಮರಳಿನ ಬಕೆಟ್ ತನಕ ನೋಡಿ ಹೋದರು. ಆಮೇಲೆ ಬ್ಯಾಕ್ ಚಾರ್ಜ್, ಅಂದರೆ ಗ್ರಿಡ್ ಕಡೆಯಿಂದಲೇ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಡೋದು. ಪೂಜೆ, ಕುಂಬಳಕಾಯಿ, ತೆಂಗಿನಕಾಯಿ ಎಲ್ಲ ಆಯಿತು. ಬ್ರೇಕರ್ ಹಾಕಿದ ತಕ್ಷಣ ಟ್ರಾನ್ಸ್‌ಫಾರ್ಮರ್ ಹುಂ ಅಂತ ಗುನುಗೋಕೆ ಶುರುವಾದಾಗ ಯಾರೂ ಮಾತಾಡಲ್ಲ, ಅದೊಂದು ಗಳಿಗೆ ಎಷ್ಟು ಸಲ ನೋಡಿದರೂ ಹಾಗೇ.

ಪ್ಲಾಂಟ್ ಓಡೋಕೆ ಶುರುವಾದ ಮೇಲೆ ಎಷ್ಟು ಬಿಸಿಲಿಗೆ ಎಷ್ಟು ಯೂನಿಟ್ ಬಂತು ಅನ್ನೋ ಟೆಸ್ಟ್ ಇದೆ. ಬಿಸಿಲು ಅಳೆಯೋ ಪೈರನೋಮೀಟರ್ ಮೇಲೆ ಧೂಳು ಕೂತಿದ್ದರೆ ಬಿಸಿಲು ಕಮ್ಮಿ ಅಂತ ತೋರಿಸುತ್ತದೆ, ಆಗ ಪ್ಲಾಂಟ್ ಬಹಳ ಚೆನ್ನಾಗಿ ಓಡುತ್ತಿರೋ ಹಾಗೆ ಕಾಣುತ್ತದೆ. ಪ್ಯಾನಲ್ ತೊಳೆಯೋಕೆ ನೀರಿಲ್ಲದ ಊರಲ್ಲಿ ಈ ಪುಟ್ಟ ಗಾಜಿನ ಗುಮ್ಮಟವನ್ನಾದರೂ ದಿನಾ ಬಟ್ಟೆಯಲ್ಲಿ ಒರೆಸಿ ಅಂತ ಬೇಡಿಕೊಳ್ಳಬೇಕು.

ಒಡೆದ ಪ್ಯಾನಲ್ ಬದಲಾಯಿಸಿದ ದಿನ ಸಂಜೆ ಐದಕ್ಕೆ ಹುಡುಗನೇ ಮೀಟರ್ ಹಿಡಿದ. 1268 ಬಂತು. "ಜಾಸ್ತಿ ಆಯ್ತಲ್ಲ ಸಾರ್, ತಪ್ಪಾ?" ಅಂತ ಗಾಬರಿ ಅವನಿಗೆ. ಗಾಳಿ ಬೀಸುತ್ತಿದೆ, ಪ್ಯಾನಲ್ ತಣ್ಣಗಾಗಿದೆ, ಬಂದಿದ್ದನ್ನೇ ಬರಿ ಅಂದೆ.

ಭಾವನಿಗೆ ಫೋನ್ ಮಾಡಿದೆ. ಅರ್ಥ್ ಅಳೆಯೋಕೆ ಸಾಮಾನ್ಯವಾಗಿ ನೆಲಕ್ಕೆ ಎರಡು ಕಬ್ಬಿಣದ ಗೂಟ ಹೊಡೀಬೇಕು, ಪಿಟ್‌ನಿಂದ ದೂರಕ್ಕೆ ವೈರ್ ಎಳೀಬೇಕು. ಅವರ ಮನೆ ಸುತ್ತ ಪೂರ್ತಿ ಕಾಂಕ್ರೀಟು.

"ಭಾವ, ಅವನು ಗೂಟ ಎಲ್ಲಿ ಹೊಡೆದ?"

"ಗೂಟಾನಾ? ಯಾವ ಗೂಟ? ಕೈಯಲ್ಲಿ ಒಂದು ಟೆಸ್ಟರ್ ಇತ್ತಪ್ಪ, ನಾನು ಒಳಗೆ ಹೋಗಿ ಕಾಫಿ ತರೋಷ್ಟರಲ್ಲಿ ಎಲ್ಲ ಮುಗಿಸಿ ಸಹಿ ಮಾಡ್ತಾ ಕೂತಿದ್ದ."